ಫ್ಯೂಮ್ ಹುಡ್ ಸದ್ದು ಮಾಡಿದರೆ ಸಾಲದು, ಗಾಳಿ ಎಳೆಯಬೇಕು

ಸಂಪಾದಕರಿಗೆ ನಮಸ್ಕಾರ.

ಪತ್ರ ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ 29 ವರ್ಷ ಸಹಾಯಕನಾಗಿದ್ದು ನಿವೃತ್ತನಾದವನು ನಾನು. ಈ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಕಳೆದ ವಾರ ಮನೆಯಲ್ಲೇ ಒಂದು ಸಂಗತಿ ನಡೆಯಿತು, ಇನ್ನು ತಡ ಮಾಡಬಾರದು ಅನ್ನಿಸಿತು.

ತಮ್ಮನ ಮಗಳು ಈ ವರ್ಷ ಬಿಎಸ್ಸಿ ಸೇರಿದ್ದಾಳೆ. ಅವತ್ತು ಕಾಲೇಜು ಮುಗಿಸಿ ನೇರ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳ ದುಪಟ್ಟಾದಿಂದ ಆ ವಾಸನೆ ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆ, ಜೊತೆಗೆ ಆಸಿಡ್ ಘಾಟು. ಆ ವಾಸನೆ ನನಗೆ ಯಾವ ಜನ್ಮದಲ್ಲೂ ಮರೆಯುವುದಿಲ್ಲ. ಕೊಟ್ಟ ಲವಣ ಯಾವುದು ಅಂತ ಪತ್ತೆ ಹಚ್ಚುವ ಸಾಲ್ಟ್ ಅನಾಲಿಸಿಸ್ ಪ್ರಯೋಗದ ವಾಸನೆ ಅದು.

"ಇವತ್ತು ಸಾಲ್ಟ್ ಅನಾಲಿಸಿಸ್ ಇತ್ತೇನಮ್ಮ?"

"ಹೌದು ದೊಡ್ಡಪ್ಪ. ತಲೆ ಸಿಡೀತಿದೆ."

"ಫ್ಯೂಮ್ ಹುಡ್ ಒಳಗೆ ಮಾಡಲಿಲ್ವಾ?"

ಅವಳಿಗೆ ನಾನು ಏನು ಕೇಳುತ್ತಿದ್ದೇನೆ ಅಂತ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೇಳಿದಳು, "ಓ, ಆ ಗಾಜಿನ ಬೀರೂನಾ? ಅದರ ತುಂಬ ಬಾಟಲಿ ಇಟ್ಟಿದ್ದಾರೆ."

ಗಾಜಿನ ಬೀರು! ಕಾಲೇಜು ಸೇರಿದಾಗಿನಿಂದ ದಿನಾ ಅದರ ಮುಂದೆ ಓಡಾಡುವ ಹುಡುಗಿಗೆ ಅದು ಏನು ಅಂತಲೇ ಗೊತ್ತಿಲ್ಲ. ತಪ್ಪು ಅವಳದಲ್ಲ. ಯಾರೂ ಅದನ್ನು ಓಡಿಸಿ ತೋರಿಸಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಫ್ಯೂಮ್ ಹುಡ್ ಅಂದರೆ ಮೇಜಿನ ಮೇಲೆ ಕೂರಿಸಿದ ಒಂದು ದೊಡ್ಡ ಪೆಟ್ಟಿಗೆ. ಮುಂದೆ ಮೇಲಕ್ಕೂ ಕೆಳಕ್ಕೂ ಜಾರುವ ಗಾಜು. ಒಳಗೆ ಹಿಂದಿನ ಗೋಡೆಗೆ ಸ್ವಲ್ಪ ಅಂತರ ಬಿಟ್ಟು ಇನ್ನೊಂದು ಹಲಗೆ ಇರುತ್ತದೆ, ಆ ಹಲಗೆಯ ಕೆಳಗೂ ಮೇಲೂ ಉದ್ದನೆಯ ಸಂದು. ಅಲ್ಲಿಂದ ಒಂದು ದಪ್ಪ ಪೈಪು ತಾರಸಿಗೆ ಹೋಗುತ್ತದೆ, ತಾರಸಿಯಲ್ಲಿ ದೊಡ್ಡ ಫ್ಯಾನ್. ಫ್ಯಾನ್ ಎಳೆದಾಗ ಕೋಣೆಯ ಗಾಳಿ ಮುಂದಿನಿಂದ ಒಳಕ್ಕೆ ನುಗ್ಗಿ, ಟೆಸ್ಟ್‌ಟ್ಯೂಬ್‌ನಿಂದ ಏಳುವ ಹೊಗೆಯನ್ನೆಲ್ಲ ಹಿಂದಿನ ಸಂದಿಗೆ ತಳ್ಳಿಕೊಂಡು ಮೇಲಕ್ಕೆ ಹೋಗುತ್ತದೆ. ಏನಾದರೂ ಸಿಡಿದರೆ ಗಾಜು ಅಡ್ಡ ಬರುತ್ತದೆ, ಸರಿ. ಆದರೆ ಘಾಟಿನಿಂದ ನಿಮ್ಮನ್ನು ಕಾಯುವುದು ಒಳಕ್ಕೆ ಹರಿಯುವ ಆ ಗಾಳಿ ಮಾತ್ರ. ಗಾಳಿ ನಿಂತರೆ ಅದು ನಿಜವಾಗಿಯೂ ಬೀರುವೇ.

ಗಾಳಿ ನಿಂತದ್ದು ನಮಗೇ ಗೊತ್ತಾಗದೆ ಹೋದ ಕಥೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ.

ಸುಮಾರು 15 ವರ್ಷದ ಹಿಂದಿನ ಮಾತು. ಪರೀಕ್ಷೆಗೆ ಬ್ರೋಮಿನ್ ವಾಟರ್, ಅಂದರೆ ನೀರಿನಲ್ಲಿ ಕರಗಿಸಿದ ಬ್ರೋಮಿನ್, ಮಾಡಬೇಕಿತ್ತು. ಅದನ್ನು ಹುಡ್ ಒಳಗೇ ಮಾಡಬೇಕು ಅಂತ ನನಗೂ ಗೊತ್ತು, ನಮ್ಮ ಅಟೆಂಡರ್‌ಗೂ ಗೊತ್ತು. ಆದರೆ ಹುಡ್ ಒಳಗೆ ಜಾಗ ಎಲ್ಲಿದೆ? ಹಳೇ ಆಸಿಡ್ ಬಾಟಲಿ, ಲೇಬಲ್ ಹೋದ ಬಾಟಲಿ, ಮುರಿದ ಸ್ಟ್ಯಾಂಡು, ಎಲ್ಲಾ ಅಲ್ಲೇ. ಅದನ್ನೆಲ್ಲ ತೆಗೆದು ಮತ್ತೆ ಜೋಡಿಸಲು ಅರ್ಧ ದಿನ ಬೇಕು. ಹಾಗಾಗಿ ಸ್ಟೋರ್ ರೂಮಿನ ಮೇಜಿನ ಮೇಲೆ ಮಾಡೋಣ, ಕಿಟಕಿ ತೆಗೆದಿದೆ ಅಲ್ವಾ ಅಂದುಕೊಂಡೆವು. ಬ್ರೋಮಿನ್ ಬಾಟಲಿಯ ಗಾಜಿನ ಬಿರಡೆ ಕಚ್ಚಿಕೊಂಡಿತ್ತು. ಅಟೆಂಡರ್ ಅದನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರು. ಬಾಟಲಿಯ ಕತ್ತೇ ಮುರಿಯಿತು.

ಚೆಲ್ಲಿದ್ದು ಹೆಚ್ಚೆಂದರೆ ಒಂದು ಟೀ ಚಮಚ. ಬ್ರೋಮಿನ್ 59 ಡಿಗ್ರಿಗೇ ಕುದಿಯುವ ದ್ರವ, ನಮ್ಮ ಬಿಸಿಲಿಗೆ ಸುಮ್ನೆ ಇಟ್ಟರೂ ಕೆಂಪಗೆ ಆವಿಯಾಗುತ್ತಲೇ ಇರುತ್ತದೆ. ಆ ಕೆಂಗಂದು ಹೊಗೆ ಮೇಲೆ ಏಳಲಿಲ್ಲ. ಮೇಜಿನ ಅಂಚಿನಿಂದ ನೀರಿನ ಹಾಗೆ ಕೆಳಗೆ ಇಳಿಯಿತು, ನೆಲ ಹಿಡಿದುಕೊಂಡು ಬಾಗಿಲ ಕಡೆ ಹರಿಯಿತು. ಗೋಡೆಯ ಮೇಲ್ತುದಿಯಲ್ಲಿದ್ದ ಎಕ್ಸಾಸ್ಟ್ ಫ್ಯಾನ್ ಜೋರಾಗಿ ತಿರುಗುತ್ತಲೇ ಇತ್ತು, ಅದರ ಹತ್ತಿರ ಒಂದಿಷ್ಟೂ ಹೊಗೆ ಹೋಗಲಿಲ್ಲ. ಪಾಪ, ನಮ್ಮ ಅಟೆಂಡರ್ ಮಾಡಿದ್ದೇನು ಗೊತ್ತಾ? ಹುಡುಗರು ಬರಿಗಾಲಲ್ಲಿ ತುಳಿದಾರು ಅಂತ ಗಾಜಿನ ಚೂರು ಆರಿಸಲು ನೆಲಕ್ಕೆ ಬಗ್ಗಿದರು. ಘಾಟು ಎಲ್ಲಕ್ಕಿಂತ ದಟ್ಟವಾಗಿದ್ದ ಜಾಗಕ್ಕೇ ಮುಖ ಕೊಟ್ಟರು.

ನಮ್ಮ ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಬಂದು ಅವರನ್ನು ತೋಳು ಹಿಡಿದು ಎಳೆದರು. ನಾನು ಬ್ರೋಮಿನ್ ಕಾಟ ಅಡಗಿಸುವ ಹೈಪೋ ನೀರು ಸುರಿದೆ. ಪಕ್ಕದ ಲ್ಯಾಬ್‌ನಲ್ಲಿದ್ದ ಹುಡುಗರನ್ನೆಲ್ಲ ಮೈದಾನಕ್ಕೆ ಕಳಿಸಿದೆವು. ಅಟೆಂಡರ್ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಆಮೇಲೂ ಮೆಟ್ಟಿಲು ಹತ್ತಿದರೆ ಕೆಮ್ಮು ಬರುತ್ತಿತ್ತು, ಆ ಕೆಮ್ಮು ಪೂರ್ತಿ ಹೋಗಿದ್ದನ್ನು ನಾನು ನೋಡಲೇ ಇಲ್ಲ.

ಒಂದು ಚಮಚ ಅಂದೆನಲ್ಲ, ಅದರ ಲೆಕ್ಕ ಹಾಕಿ ನೋಡಿದ್ದೇನೆ. 5 ಎಂಎಲ್ ಬ್ರೋಮಿನ್ 15 ಗ್ರಾಂಗಿಂತ ಜಾಸ್ತಿ ತೂಗುತ್ತದೆ. ಅದು ಪೂರ್ತಿ ಆವಿಯಾಗಿ 100 ಘನ ಮೀಟರ್ ಕೋಣೆಯಲ್ಲಿ, ಅಂದರೆ ಸಾಧಾರಣ ಒಂದು ಕ್ಲಾಸ್ ರೂಮಿಗಿಂತ ಸ್ವಲ್ಪ ಚಿಕ್ಕದಾದ ಜಾಗದಲ್ಲಿ ಸಮನಾಗಿ ಹರಡಿದರೆ 20 ಪಿಪಿಎಂ ದಾಟುತ್ತದೆ. ಪಿಪಿಎಂ ಅಂದರೆ 10 ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಂತ. ದಿನಕ್ಕೆ 8 ಗಂಟೆ ಕೆಲಸ ಮಾಡುವ ಜಾಗದಲ್ಲಿ ಬ್ರೋಮಿನ್ 0.1 ಪಿಪಿಎಂ ಮೀರಬಾರದು ಎಂಬುದು ಮಿತಿ. ಒಂದು ಚಮಚ ಚೆಲ್ಲಿದರೆ ಮಿತಿಯ 200 ಪಟ್ಟು! ನಮ್ಮ ಸ್ಟೋರ್ ರೂಮು ಇದರ ಕಾಲು ಭಾಗವೂ ಇರಲಿಲ್ಲ.

ಈ ಗಲಾಟೆ ಆದ ಮೇಲೆ ಹುಡ್ ಖಾಲಿ ಮಾಡಿಸಿದರು. ಸ್ವಿಚ್ ಹಾಕಿದೆವು. ಮೇಲಿಂದ ಗುಂಯ್ ಅಂತ ಸದ್ದು ಬಂತು. ಅದೇ ಸದ್ದನ್ನು ವರ್ಷಗಟ್ಟಲೆ ಕೇಳಿದ್ದೆವು, ಓಡುತ್ತಿದೆ ಅಂತಲೇ ನಂಬಿದ್ದೆವು. ಮೇಷ್ಟ್ರಿಗೆ ಏನನ್ನಿಸಿತೋ, ಒಂದು ತೆಳು ಕಾಗದದ ಪಟ್ಟಿ ಹರಿದು ಗಾಜಿನ ಕೆಳ ಅಂಚಿಗೆ ಅಂಟಿಸಿದರು. ಕಾಗದ ಅಲ್ಲಾಡಲಿಲ್ಲ. ಎಲೆಕ್ಟ್ರಿಷಿಯನ್ ತಾರಸಿ ಹತ್ತಿ ನೋಡಿದರೆ ಮೋಟಾರ್ ತಿರುಗುತ್ತಿದೆ, ಫ್ಯಾನ್ ತಿರುಗುತ್ತಿಲ್ಲ. ನಡುವಿನ ಬೆಲ್ಟ್ ಹರಿದು ಬಿದ್ದು ಬಿಸಿಲಿಗೆ ಒಣಗಿ ಕಡ್ಡಿಯಾಗಿತ್ತು. ಪೈಪಿನ ಬಾಯಲ್ಲಿ ಪಾರಿವಾಳದ ಗೂಡು. ಎಷ್ಟು ವರ್ಷದಿಂದ ಹಾಗಿತ್ತೋ ದೇವರೇ ಬಲ್ಲ. ಹೊಸ ಬೆಲ್ಟ್‌ಗೆ ಖರ್ಚಾದದ್ದು ಕೆಲವು ನೂರು ರೂಪಾಯಿ.

ಆ ಬೆಲ್ಟ್ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಆದ್ದರಿಂದಲೇ ಈ ಪತ್ರ.

ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಘಾಟು ಬಿಸಿಯಾಗಿ ಮೇಲಕ್ಕೆ ಹೋಗುತ್ತದೆ. ಹಳೇ ಮನೆಗಳಲ್ಲಿ ಮಾಡಿನಲ್ಲಿ ಹೊಗೆ ಹೋಗಲು ಗವಾಕ್ಷಿ ಇರುತ್ತಿತ್ತು, ಅದು ಸರಿಯಾದ ಜಾಗದಲ್ಲೇ ಇತ್ತು. ಅದೇ ಅಭ್ಯಾಸದಲ್ಲಿ ಲ್ಯಾಬ್‌ಗೂ ಮೇಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಲ್ಯಾಬ್‌ನ ಆವಿಗಳು ಬಹುಪಾಲು ತಣ್ಣಗಿರುತ್ತವೆ, ಗಾಳಿಗಿಂತ ಭಾರವೂ ಇರುತ್ತವೆ. ಬ್ರೋಮಿನ್ ಆವಿ ಗಾಳಿಗಿಂತ ಐದು ಪಟ್ಟಿಗೂ ಜಾಸ್ತಿ ಭಾರ. ಈಥರ್ ಆವಿ ಎರಡೂವರೆ ಪಟ್ಟು, ಅದು ಮೇಜಿನ ಮೇಲೆ ಕಾಣದ ಹಾಗೆ ತೆವಳಿಕೊಂಡು ಹೋಗಿ ದೂರದ ಬರ್ನರ್ ಉರಿಗೆ ಹೊತ್ತಿಕೊಂಡು ಬಾಟಲಿ ತನಕ ಬೆಂಕಿ ವಾಪಸ್ ತರುತ್ತದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಅನಿಲವೂ ಗಾಳಿಗಿಂತ ಭಾರವಾಗಿತ್ತು, ನೆಲದ ಮಟ್ಟದಲ್ಲೇ ಮಲಗಿದ್ದ ಜನರ ಮನೆಗಳಿಗೆ ನುಗ್ಗಿತು. ಹುಡ್‌ನ ಹಿಂದಿನ ಹಲಗೆಯಲ್ಲಿ ಕೆಳಗೂ ಒಂದು ಸಂದು ಬಿಟ್ಟಿರುವುದು ಇಂಥ ಭಾರದ ಆವಿಗಾಗಿ. ನಾವು ಬಾಟಲಿಗಳ ಸಾಲು ಇಟ್ಟು ಮುಚ್ಚುವುದೂ ಸರಿಯಾಗಿ ಅದೇ ಸಂದನ್ನು.

ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಲ್ಯಾಬ್‌ನಲ್ಲಿ ಈ ಗ್ಯಾಸ್ ತಯಾರಿಸುವ ಗಾಜಿನ ಉಪಕರಣ, ಕಿಪ್ಸ್ ಅಪಾರಟಸ್, ಗೊತ್ತಿರುವವರಿಗೆಲ್ಲ ಈ ವಾಸನೆಯ ಪರಿಚಯ ಇದೆ. ಈ ಗ್ಯಾಸ್ 1 ಪಿಪಿಎಂ ಕೂಡ ಇಲ್ಲದಾಗಲೇ ಮೂಗಿಗೆ ಗೊತ್ತಾಗುತ್ತದೆ. ಹಾಗಾಗಿ ಜನಕ್ಕೆ ಒಂದು ಧೈರ್ಯ, ಜಾಸ್ತಿಯಾದರೆ ವಾಸನೆ ಬರುತ್ತಲ್ಲ ಅಂತ. ಅದು ಸುಳ್ಳು ಧೈರ್ಯ. 100 ಪಿಪಿಎಂ ಹತ್ತಿರ ಹೋದರೆ ಮೂಗಿನ ನರವೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. 500 ದಾಟಿದರೆ ಪ್ರಾಣಕ್ಕೆ ಅಪಾಯ, 1000ದ ಹತ್ತಿರ ಒಂದೆರಡು ಉಸಿರಿಗೇ ಮನುಷ್ಯ ಕುಸಿದು ಬೀಳಬಹುದು. "ವಾಸನೆ ಹೋಯ್ತು ಸಾರ್, ಈಗ ಪರವಾಗಿಲ್ಲ" ಅಂತ ಹುಡುಗರು ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ. ಲ್ಯಾಬ್‌ನಲ್ಲಿ ಅಷ್ಟು ಗ್ಯಾಸ್ ಇರುವುದು ಅಪರೂಪ, ನಿಜ. ಕಡಿಮೆ ಇದ್ದಾಗಲೂ ತುಂಬ ಹೊತ್ತು ಉಸಿರಾಡಿದರೆ ಮೂಗು ಒಗ್ಗಿಕೊಂಡು ಸುಮ್ಮನಾಗುತ್ತದೆ. ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿಲ್ಲ ನಾವು? ಅಲ್ಲಿ ಕೊಲ್ಲುವ ಗ್ಯಾಸ್‌ಗಳಲ್ಲಿ ಇದೂ ಒಂದು. ಅದನ್ನೇ ನಮ್ಮ 18 ವರ್ಷದ ಮಕ್ಕಳು ಬಾಗಿಲು ಹಾಕಿದ ಕೋಣೆಯಲ್ಲಿ ತಯಾರಿಸುತ್ತಿದ್ದಾರೆ ಅಂತ ಯೋಚನೆ ಮಾಡಿ.

ಇನ್ನೊಂದು ಅಪಾಯ, ನೈಟ್ರೇಟ್ ಪರೀಕ್ಷೆಯಲ್ಲಿ ತಾಮ್ರದ ಚೂರು ಹಾಕಿ ಕಾಯಿಸಿದಾಗ ಬರುವ ಕಂದು ಹೊಗೆ, ನೈಟ್ರೋಜನ್ ಡೈಆಕ್ಸೈಡ್. ಜಾಸ್ತಿ ಕುಡಿದರೆ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ಬಂದು ನಿಲ್ಲಬಹುದು. ಹಲವು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅಷ್ಟು ಹೊತ್ತಿಗೆ ಮಗು ಹಾಸ್ಟೆಲ್‌ನಲ್ಲಿ ಮಲಗಿರುತ್ತದೆ, ಡಾಕ್ಟರಿಗೆ ಲ್ಯಾಬ್ ವಿಷಯ ಹೇಳುವವರೇ ಇರುವುದಿಲ್ಲ. ತಂದೆ ತಾಯಿಗಳಿಗೆ ಇದು ಗೊತ್ತಿರಲಿ. ಮಕ್ಕಳು ಲ್ಯಾಬ್‌ನಲ್ಲಿ ಹೊಗೆ ಕುಡಿದೆ ಅಂದರೆ, ಈಗ ಚೆನ್ನಾಗಿದ್ದೇನೆ ಅಂದರೂ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾವ ಹೊಗೆ ಅಂತಲೂ ಹೇಳಿ.

ಹುಡ್ ಸರಿಯಾಗಿ ಓಡುತ್ತಿದ್ದರೂ ಅದರ ಶಕ್ತಿಗೆ ಮಿತಿ ಇದೆ. ಒಳಕ್ಕೆ ಹೋಗುವ ಗಾಳಿಯ ವೇಗ ನಿಮಿಷಕ್ಕೆ ಸುಮಾರು 100 ಅಡಿ ಇರಬೇಕು ಅನ್ನುತ್ತಾರೆ. ಸೆಕೆಂಡಿಗೆ ಅರ್ಧ ಮೀಟರ್. ನಾವು ಮಾಮೂಲಾಗಿ ನಡೆಯುವ ವೇಗದ ಅರ್ಧವೂ ಇಲ್ಲ. ಅಂದಮೇಲೆ ಹುಡ್ ಮುಂದೆ ಯಾರಾದರೂ ಸರ್ರನೆ ಓಡಾಡಿದರೂ ಒಳಗಿನ ಘಾಟು ಅವರ ಹಿಂದೆಯೇ ಹೊರಗೆ ಬರುತ್ತದೆ. ನೆತ್ತಿಯ ಮೇಲೆ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೆ ಕೇಳುವುದೇ ಬೇಡ. ನಮ್ಮ ಲ್ಯಾಬ್‌ಗಳಲ್ಲಿ ಹುಡ್ ಇಡುವುದೇ ಬಾಗಿಲ ಪಕ್ಕ, ಎಲ್ಲರೂ ಓಡಾಡುವ ದಾರಿಯಲ್ಲಿ, ಫ್ಯಾನ್ ಕೆಳಗೆ! ಹಾಗಂತ ವೇಗ ತೀರಾ ಜಾಸ್ತಿ ಮಾಡಿದರೂ ಕೆಟ್ಟದ್ದೇ. ಮುಂದೆ ನಿಂತವರ ಮೈಗೆ ಗಾಳಿ ಬಡಿದು ಸುಳಿಯಾಗಿ, ಹೊಗೆ ವಾಪಸ್ ಮುಖಕ್ಕೇ ಬರುತ್ತದೆ.

ಹೊರಗೆ ಹೋದಷ್ಟು ಗಾಳಿ ಒಳಗೂ ಬರಬೇಕು. ನಾಲ್ಕು ಅಡಿ ಅಗಲದ ಹುಡ್‌ನ ಗಾಜನ್ನು ಒಂದೂವರೆ ಅಡಿ ಎತ್ತಿದರೆ 6 ಚದರ ಅಡಿ ಬಾಯಿ. ನಿಮಿಷಕ್ಕೆ 600 ಘನ ಅಡಿ ಗಾಳಿ ಅದರಲ್ಲಿ ಹೋಗುತ್ತದೆ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಅಷ್ಟೂ ಗಾಳಿ ಏಳು ನಿಮಿಷದೊಳಗೆ ಖಾಲಿ. ಈಗ ಲ್ಯಾಬ್‌ಗೆ ಏಸಿ ಹಾಕಿಸಿ ಕಿಟಕಿಗಳನ್ನೆಲ್ಲ ಮುಚ್ಚಿಬಿಡುವುದು ಹೊಸ ಅಭ್ಯಾಸ. ಹುಡ್‌ಗೆ ಗಾಳಿ ಎಲ್ಲಿಂದ ಬರಬೇಕು? ಅದು ಉಸಿರು ಕಟ್ಟಿದ ಹಾಗೆ ಏದುಸಿರು ಬಿಡುತ್ತಾ ಕೂರುತ್ತದೆ. ಏಸಿಯೋ, ಇದ್ದ ಘಾಟನ್ನೇ ತಣ್ಣಗೆ ಮಾಡಿ ಮತ್ತೆ ಮತ್ತೆ ಸುತ್ತಿಸುತ್ತದೆ.

ಪೈಪಿನ ವಿಷಯ ಬೇಗ ಮುಗಿಸುತ್ತೇನೆ. ನಾನು ನೋಡಿದ ಒಂದು ಕಡೆ ಹುಡ್ ಪೈಪು ಕಿಟಕಿಯಿಂದ ಹೊರಗೆ ಮೊಳದುದ್ದ ಚಾಚಿಕೊಂಡು ನಿಂತಿತ್ತು, ಕೆಳಗೇ ಹುಡುಗಿಯರು ಊಟಕ್ಕೆ ಕೂರುವ ಜಗಲಿ. ಪೈಪು ಕಟ್ಟಡದ ತಾರಸಿಗಿಂತ ಸಾಕಷ್ಟು ಮೇಲೆ ಹೋಗಿ ಬಿಡಬೇಕು. ಫ್ಯಾನ್ ಪೈಪಿನ ಕೊನೆಯಲ್ಲಿ, ತಾರಸಿಯಲ್ಲೇ ಇರಬೇಕು. ಆಗ ನಡುವೆ ಎಲ್ಲಾದರೂ ತೂತಾದರೂ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆಯೇ ಹೊರತು ಘಾಟು ಹೊರಗೆ ಸೋರುವುದಿಲ್ಲ. ಸಾದಾ ಕಬ್ಬಿಣದ ತಗಡಿನ ಪೈಪನ್ನು ಆಸಿಡ್ ಹೊಗೆ ಕೆಲವೇ ವರ್ಷಕ್ಕೆ ತಿಂದುಬಿಡುತ್ತದೆ. ಪೈಪೇ ಬೇಡದ, ಫಿಲ್ಟರ್ ಇರುವ ಹುಡ್‌ಗಳನ್ನೂ ಈಗ ಮಾರುತ್ತಾರೆ. ಇದ್ದಿಲಿನ ಆ ಫಿಲ್ಟರ್ ಎಲ್ಲ ಗ್ಯಾಸನ್ನೂ ಹಿಡಿಯುವುದಿಲ್ಲ, ತುಂಬಿದ ಮೇಲೆ ಯಾವುದನ್ನೂ ಹಿಡಿಯುವುದಿಲ್ಲ. ಬೆಲ್ಟ್ ಬದಲಿಸಲು ಮರೆತವರು ಫಿಲ್ಟರ್ ಬದಲಿಸುತ್ತೇವೆ ಅಂದರೆ ನಂಬುವುದು ಹೇಗೆ?

ಹುಡ್ ಇದ್ದರೆ ಎಲ್ಲಾ ಆಯಿತು ಅಂತಲೂ ನಾನು ಹೇಳುತ್ತಿಲ್ಲ. ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಪ್ರೊಫೆಸರ್ ಕರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಸರಿಯಾಗಿ ಹುಡ್ ಒಳಗೇ ಕೈಯಿಟ್ಟು ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಕಡು ವಿಷ ಬಳಸುತ್ತಿದ್ದರು. ಕೆಲವೇ ಹನಿ ಗ್ಲೌಸ್ ಮೇಲೆ ಬಿತ್ತು. ಅದು ಲೇಟೆಕ್ಸ್ ಗ್ಲೌಸ್ ದಾಟಿ ಚರ್ಮಕ್ಕೆ ಇಳಿಯಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅಂಥ ಜಾಗದಲ್ಲಿ, ಅಷ್ಟು ತಿಳಿದವರಿಗೆ ಹೀಗಾಯಿತು. ನಮ್ಮ ಅಟೆಂಡರ್‌ಗಳಿಗೆ ಗ್ಲೌಸೇ ಇಲ್ಲ.

ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ವಿದ್ಯಾರ್ಥಿ ವಾರಕ್ಕೆ ಮೂರು ನಾಲ್ಕು ಗಂಟೆ ಲ್ಯಾಬ್‌ನಲ್ಲಿ ಇರುತ್ತಾನೆ, ಮೂರು ವರ್ಷಕ್ಕೆ ಹೊರಟುಹೋಗುತ್ತಾನೆ. ಅಟೆಂಡರ್ ಬೆಳಗ್ಗೆಯಿಂದ ಸಂಜೆ ತನಕ ಅಲ್ಲೇ. ಬ್ಯಾಚ್ ಮುಗಿದ ಮೇಲೆ ನೂರಾರು ಟೆಸ್ಟ್‌ಟ್ಯೂಬ್‌ಗಳನ್ನು ಸಿಂಕ್‌ಗೆ ಬಗ್ಗಿಸಿ ತೊಳೆಯುವವರು ಅವರು. ಒಂದರ ಆಸಿಡ್ಡು ಇನ್ನೊಂದರ ಸಲ್ಫೈಡ್ ಮೇಲೆ ಬಿದ್ದು ಸಿಂಕಿನಿಂದಲೇ ಗ್ಯಾಸ್ ಏಳುತ್ತದೆ, ಮುಖದ ಕೆಳಗೇ. ಹೀಗೆ 30 ವರ್ಷ. ಕಾರ್ಖಾನೆಯ ಕೆಲಸಗಾರನ ಗಾಳಿಗೆ 1948ರ ಕಾಯ್ದೆಯ ಕಾಲದಿಂದ ಕಾನೂನಿನ ಕಾವಲಿದೆ. ನಮ್ಮ ಲ್ಯಾಬ್‌ನ ಗಾಳಿಯನ್ನು ಅಳೆಯಲು ನನ್ನ 29 ವರ್ಷದಲ್ಲಿ ಒಬ್ಬರೂ ಬರಲಿಲ್ಲ. ತಪಾಸಣೆ ತಂಡ ಬಂದಾಗ ಗಾಜು ಒರೆಸಿ, ಸ್ವಿಚ್ ಹಾಕಿ, ಸದ್ದು ಕೇಳಿಸಿ ಕಳಿಸಿದ್ದೇವೆ. ಅದರಲ್ಲಿ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ.

ಕಾಲೇಜು ಶಿಕ್ಷಣ ಇಲಾಖೆಗೆ, ಪದವಿಪೂರ್ವ ಇಲಾಖೆಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ಟರ್ಮ್ ಶುರುವಾಗುವ ಮೊದಲು ಪ್ರತಿ ಹುಡ್‌ನ ಗಾಳಿಯ ವೇಗ ಅಳೆಯಲಿ. ಅಳೆಯುವ ಅನಿಮೋಮೀಟರ್‌ಗೆ ಕೆಲವು ಸಾವಿರ ರೂಪಾಯಿ, ಒಂದು ತಾಲ್ಲೂಕಿನ ಎಲ್ಲಾ ಕಾಲೇಜಿಗೂ ಒಂದೇ ಸಾಕು. ಅಳೆದ ತಾರೀಖು, ವೇಗ, ಗಾಜನ್ನು ಎಲ್ಲಿ ತನಕ ಎತ್ತಬಹುದು ಎಂಬ ಗೆರೆ, ಇವಿಷ್ಟನ್ನೂ ಹುಡ್ ಮೇಲೇ ಬರೆದು ಅಂಟಿಸಲಿ. ಕೆಟ್ಟಿದ್ದರೆ ಕೆಟ್ಟಿದೆ ಅಂತ ದೊಡ್ಡದಾಗಿ ಬರೆಯಲಿ, ಅದು ರಿಪೇರಿ ಆಗುವವರೆಗೆ ಬ್ರೋಮಿನ್, ಸಲ್ಫೈಡ್ ಪ್ರಯೋಗ ಮಾಡಿಸದಿರಲಿ. ಹೊಸ ಡಿಜಿಟಲ್ ಬೋರ್ಡ್‌ಗೆ ದುಡ್ಡು ಬರುವ ಕಡೆ ಬೆಲ್ಟ್‌ಗೂ ಬರಲಿ. ಅಟೆಂಡರ್‌ಗಳಿಗೆ ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸಲಿ. ಮತ್ತೆ, ಟೆಸ್ಟ್‌ಟ್ಯೂಬ್ ಅರ್ಧ ತುಂಬಿಸಿ ಮಾಡುವ ಪರೀಕ್ಷೆಯನ್ನು ಹತ್ತು ಹನಿಯಲ್ಲೂ ಮಾಡಬಹುದು, ಬಣ್ಣ ಅಷ್ಟೇ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಇಲಾಖೆಗೆ ಕಾಯದೆ ಲೆಕ್ಚರರ್‌ಗಳು ನಾಳೆಯೇ ಮಾಡಬಹುದಾದದ್ದೂ ಇದೆ. ಹುಡ್ ಖಾಲಿ ಮಾಡಿಸಿ. ತೆಳು ಕಾಗದದ ಪಟ್ಟಿಯೊಂದನ್ನು ಗಾಜಿನ ಕೆಳ ಅಂಚಿಗೆ ಅಂಟಿಸಿ ಖಾಯಂ ಬಿಟ್ಟುಬಿಡಿ, ಒಳಕ್ಕೆ ಬಾಗಿದ್ದರೆ ಮಾತ್ರ ಕೆಲಸ ಶುರು. ಅನುಮಾನ ಇದ್ದರೆ, ಈಥರ್, ಆಲ್ಕೋಹಾಲ್ ಯಾವುದೂ ಹತ್ತಿರ ಇಲ್ಲದ ಹೊತ್ತಿನಲ್ಲಿ ಒಂದು ಗಂಧದಕಡ್ಡಿ ಹಚ್ಚಿ ಹುಡ್ ಬಾಯಿಯ ಹತ್ತಿರ ಹಿಡಿಯಿರಿ, ಹೊಗೆ ಎತ್ತ ಹೋಗುತ್ತದೆ ನೋಡಿ. ಹುಡುಗರಿಗೂ ತೋರಿಸಿ. ಟೆಸ್ಟ್‌ಟ್ಯೂಬನ್ನು ಗಾಜಿನ ಅಂಚಿನಿಂದ ಒಂದು ಗೇಣು ಒಳಗೆ ಹಿಡಿಯಲು, ತಲೆಯನ್ನು ಯಾವತ್ತೂ ಒಳಗೆ ಹಾಕದಿರಲು, ಮೂಗನ್ನು ಟ್ಯೂಬಿನ ಬಾಯಿಗೆ ಇಡದೆ ಕೈಯಿಂದ ಮೆಲ್ಲಗೆ ಬೀಸಿಕೊಂಡು ವಾಸನೆ ನೋಡಲು ಹೇಳಿಕೊಡಿ.

ತಮ್ಮನ ಮಗಳಿಗೆ ನಾನು ಒಂದು ಕಾಗದದ ಪಟ್ಟಿಯನ್ನೇ ಕೊಟ್ಟು ಕಳಿಸಿದ್ದೆ. ಅವಳು ತನ್ನ ಮೇಡಂಗೆ ಹೇಳಿ, ಅವರೂ ಖುಷಿಯಿಂದ ಒಪ್ಪಿ, ಇಬ್ಬರೂ ಸೇರಿ ಅಂಟಿಸಿ ಸ್ವಿಚ್ ಹಾಕಿದ್ದಾರೆ. ಮೊನ್ನೆ ಸಂಜೆ ಫೋನ್ ಮಾಡಿದಳು. "ಸದ್ದು ಜೋರಾಗಿ ಬರುತ್ತೆ ದೊಡ್ಡಪ್ಪ. ಕಾಗದ ಮಾತ್ರ ನೇತಾಡ್ತಾನೇ ಇದೆ." ಮೇಡಂ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದಾರಂತೆ. ತಾರಸಿಗೆ ಇನ್ನೂ ಯಾರೂ ಹತ್ತಿಲ್ಲ. ಅವಳಿಗೆ ಮುಂದಿನ ಸಾಲ್ಟ್ ಅನಾಲಿಸಿಸ್ ಬ್ಯಾಚ್ ಗುರುವಾರ ಇದೆ.

– ನಿವೃತ್ತ ಲ್ಯಾಬ್ ಸಹಾಯಕ, ತುಮಕೂರು ಜಿಲ್ಲೆ